ಮುದುಕರ ಮನೆಯ ತೊಟ್ಟಿಲು

ಮರಿಯಮ್ಮ ಹುಟ್ಟಿದ ದಿನದ ಮೊಂತಿ ಹಬ್ಬ ಬಂತೆಂದರೆ ಎಲ್ಲರ ಕಣ್ಣೂ ಮಕ್ಕಳ ಮೇಲೆ. ಆಗಸ್ಟ್ 30ರಿಂದ ಸೆಪ್ಟೆಂಬರ್ 7ರವರೆಗೆ ನೊವೆನಾ ಎಂಬ ಒಂಬತ್ತು ದಿನದ ಪ್ರಾರ್ಥನೆ ನಡೆಯುವಷ್ಟು ದಿನವೂ ಅವರು ದಾಸವಾಳ, ಗೌರಿ ಹೂ, ರತ್ನಗಂಧಿ ಏನು ಸಿಕ್ಕಿತೋ ಅದನ್ನು ಬುಟ್ಟಿಗೆ ತುಂಬಿ ತಂದು ಬಾಲೆ ಮರಿಯಮ್ಮನ ಮೂರ್ತಿಗೆ ಅರ್ಪಿಸುತ್ತಾರೆ. 8ರಂದು ತೆನೆಯ ಆಶೀರ್ವಾದ, ಮೆರವಣಿಗೆ, ಬಲಿಪೂಜೆ, ಹೂ ತಂದವರ ಕೈಗೆ ಕಬ್ಬು. ಮರುದಿನದ ಪತ್ರಿಕೆಯ ಫೋಟೋದಲ್ಲೂ ಬುಟ್ಟಿ ಹಿಡಿದ ಮಕ್ಕಳೇ. ಕಾಸರಗೋಡಿನ ಬೇಳದ ಶೋಕಮಾತಾ ಇಗರ್ಜಿಯ, ಅಂದರೆ ಚರ್ಚಿನ, ಅಂಗಳದಲ್ಲಿ ನಾನೂ ಹಾಗೆ ನಿಂತವಳು. ಎಪ್ಪತ್ತು ದಾಟಿದ ಮೇಲೆ ಮಾತ್ರ ಈ ಹಬ್ಬದಲ್ಲಿ ನನಗೆ ಮೊದಲು ಕಾಣುವವರು ಆ ಬಾಲೆ ಮರಿಯಮ್ಮನ ಬೆನ್ನ ಹಿಂದಿರುವ ಇಬ್ಬರು ವಯಸ್ಸಾದವರು, ಅವಳ ಅಪ್ಪ ಅಮ್ಮ ಜೋಕಿಂ ಮತ್ತು ಅನ್ನಾ.

ನಾಲ್ಕು ಶುಭಸಂದೇಶಗಳಲ್ಲಿ ಎಲ್ಲಿಯೂ ಅವರ ಹೆಸರಿಲ್ಲ. ಹಬ್ಬದ ದಿನ ಓದುವ ಮತ್ತಾಯನ ವಂಶಾವಳಿಯೂ ಅಬ್ರಹಾಮನಿಂದ ಹೊರಟು, ಹದಿನಾಲ್ಕು ತಲೆಮಾರುಗಳನ್ನು ಮೂರು ಸಲ ಎಣಿಸಿ, ಜೋಸೆಫನ ಮನೆಗೆ ಬಂದು ನಿಲ್ಲುತ್ತದೆ. ಮರಿಯಮ್ಮನ ತವರಿನ ಕಡೆಗೆ ತಿರುಗುವುದಿಲ್ಲ. ತವರಿನ ಕಥೆ ಇರುವುದು ಬೈಬಲಿನೊಳಗೆ ಸೇರದ, ಎರಡನೆಯ ಶತಮಾನದ ಒಂದು ಹಳೆಯ ಬರಹದಲ್ಲಿ. ಮಕ್ಕಳಿಲ್ಲದವನು ಎಂಬ ಕಾರಣಕ್ಕೆ ಜೋಕಿಮನ ಕಾಣಿಕೆಗೆ ಅಡ್ಡಿ ಬರುತ್ತದೆ. ಅವಮಾನ ತಾಳಲಾರದೆ ಅವನು ಬೆಂಗಾಡಿಗೆ ಹೋಗಿ 40 ದಿನ ಉಪವಾಸ ಕೂರುತ್ತಾನೆ. ಇತ್ತ ಅನ್ನಾ ತೋಟದ ಮರದಲ್ಲಿ ಗುಬ್ಬಚ್ಚಿಯ ಗೂಡು ಕಂಡು, ಹಕ್ಕಿಗಳಿಗಿರುವ ಭಾಗ್ಯವೂ ತನಗಿಲ್ಲವೆಂದು ಅಳುತ್ತಾಳೆ. ದೇವದೂತ ಬಂದು ಮಗುವಾಗುತ್ತದೆ ಎಂದಾಗ, ಹುಟ್ಟುವ ಮೊದಲೇ ಆ ಮಗುವನ್ನು ದೇವರಿಗೆ ಒಪ್ಪಿಸುವ ಹರಕೆ ಹೊರುತ್ತಾಳೆ. ಮೂರು ವರ್ಷ ತುಂಬಿದಾಗ ದೇವಾಲಯಕ್ಕೆ ಕರೆದುಕೊಂಡು ಹೋಗುತ್ತಾರೆ. ಮಗು ಬಲಿಪೀಠದ ಮೂರನೆಯ ಮೆಟ್ಟಿಲ ಮೇಲೆ ಕುಣಿಯಿತಂತೆ, ಹಿಂತಿರುಗಿ ನೋಡಲಿಲ್ಲವಂತೆ.

ಮುಪ್ಪಿನಲ್ಲಿ ಮಗು ಹುಟ್ಟಿದ ಪವಾಡದ ಬಗ್ಗೆ ಪ್ರಸಂಗಗಳನ್ನು ಸಾಕಷ್ಟು ಕೇಳಿದ್ದೇನೆ. ನನ್ನನ್ನು ಹಿಡಿದು ನಿಲ್ಲಿಸುವುದು ಆ ಮೂರು ವರ್ಷ. ಜೀವಮಾನವಿಡೀ ಬೇಡಿ ಪಡೆದದ್ದನ್ನು, ತಬ್ಬಿಕೊಂಡು ಕೂರಬೇಕಾದ ವಯಸ್ಸಿನಲ್ಲಿ, ಅವರು ಕೈಬಿಟ್ಟರು. ವಯಸ್ಸಾದವರಿಗೆ ಹೊಸದನ್ನು ಬರಮಾಡಿಕೊಳ್ಳಿ ಎಂದು ಬುದ್ಧಿ ಹೇಳುವವರು ಬಹಳ ಮಂದಿ ಇದ್ದಾರೆ. ಬಂದದ್ದು ನಮ್ಮ ಕೈಯಲ್ಲೇ ಉಳಿಯುವುದಿಲ್ಲ ಎಂಬುದನ್ನು ಅವರು ಹೇಳುವುದಿಲ್ಲ. ಅನ್ನಾ ಅದನ್ನೂ ಹರಕೆಯೊಳಗೆ ಸೇರಿಸಿಬಿಟ್ಟಿದ್ದಳು. ಅಂದ ಹಾಗೆ, ಈ ಹಬ್ಬವನ್ನು ನಮ್ಮ ಕಡೆ 1763ರಲ್ಲಿ ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯಲ್ಲಿ ಆರಂಭಿಸಿದವರು ಗೋವಾದ ಫಾದರ್ ಜೋಕಿಂ ಮಿರಾಂದ ಎನ್ನುತ್ತಾರೆ. ಹೆಸರು ಕೂಡಿಬಂದದ್ದು ಆಕಸ್ಮಿಕವೇ ಇರಬಹುದು, ನನಗೆ ಮಾತ್ರ ಖುಷಿ.

ನಮ್ಮ ಮನೆಯಲ್ಲಿ ಆ ಮಗುವಿನ ಜಾಗಕ್ಕೆ ಬಂದವಳು ಸೊಸೆ.

ಅವಳು ವೆಳ್ಳರಿಕುಂಡು ಕಡೆಯವಳು. ಕಳೆದ ಶತಮಾನದಲ್ಲಿ ತಿರುವಾಂಕೂರಿನಿಂದ ಬಂದು ಬೆಟ್ಟದ ನೆಲ ಅಗೆದು ಮರಗೆಣಸು, ರಬ್ಬರು ಬೆಳೆಸಿದ ಸೀರೋ ಮಲಬಾರ್ ಎಂಬ ಕೇರಳದ ಕಥೋಲಿಕ ಪಂಗಡದ ಕುಟುಂಬ. ನಮ್ಮದು ಮಂಗಳೂರು ಧರ್ಮಪ್ರಾಂತಕ್ಕೆ ಸೇರಿದ ಊರು, ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಕೊಂಕಣಿ ಪ್ರಾರ್ಥನೆಯ ಪುಸ್ತಕವೂ ಕನ್ನಡ ಲಿಪಿಯಲ್ಲೇ. ಒಂದೇ ಜಿಲ್ಲೆ, ಒಂದೇ ವಿಶ್ವಾಸ, ಸೆಪ್ಟೆಂಬರ್ 8 ಎಂಬ ಒಂದೇ ಹಬ್ಬ. ಆಚರಣೆ ಮಾತ್ರ ತಲೆಕೆಳಗು. ನಾವು ಹೂ ಹಿಡಿದು ನೊವೆನಾ ಮಾಡುವಾಗ ಅವರು ಸೆಪ್ಟೆಂಬರ್ 1ರಿಂದ ಮೀನು ಮಾಂಸ ಬಿಟ್ಟು ಎಟ್ಟು ನೋಂಬು, ಅಂದರೆ ಎಂಟು ದಿನದ ವ್ರತ, ಹಿಡಿಯುತ್ತಾರೆ. 8ರ ಪೂಜೆ ಮುಗಿದ ಮೇಲೆ ನೋಂಬು ಬಿಟ್ಟು ಮಾಂಸದ ಅಡುಗೆ. ನಮ್ಮಲ್ಲೋ ಆ ದಿನವೇ ಶುದ್ಧ ಸಸ್ಯಾಹಾರ: ಬಾಳೆಲೆಯಲ್ಲಿ ಬೆಸ ಸಂಖ್ಯೆಯ ತರಕಾರಿ, ಅಲಸಂಡೆ, ಬೆಂಡೆ, ಹೀರೆ, ಅಂಬಟೆ ಹಾಕಿದ ಹಾಗಲ, ಕೆಸುವಿನ ದಂಟು. ಮದುವೆಯಾಗಿ ಬಂದ ಮೊದಲ ವರ್ಷ ಅವಳು ಎಲೆಯ ಮುಂದೆ ಕುಳಿತು, ಕೋಳಿ ಯಾವಾಗ ಬರುತ್ತದೆ ಎಂಬಂತೆ ಅಡುಗೆಮನೆಯ ಬಾಗಿಲನ್ನು ನೋಡುತ್ತಿದ್ದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಲೂಕನ ಮೊದಲ ಅಧ್ಯಾಯದ ಜಕರೀಯ ನನಗೆ ಹತ್ತಿರದವನಾದದ್ದು ಸೊಸೆ ಬಂದ ಮೇಲೆ. ಅವನು ಕೆಟ್ಟವನಲ್ಲ, ವಯಸ್ಸಾದ ಯಾಜಕ, ನೇಮ ತಪ್ಪಿದವನಲ್ಲ. ಮಗನಾಗುತ್ತಾನೆ ಎಂದು ದೇವದೂತ ಹೇಳಿದಾಗ ನಾನು ಮುದುಕ, ಹೆಂಡತಿಗೂ ವಯಸ್ಸಾಯಿತು ಎಂದ. ಮಾತು ನಿಂತುಹೋಯಿತು. ಮಗುವಿಗೆ ಹೆಸರಿಡುವ ದಿನ ನೆಂಟರೆಲ್ಲ ಅಪ್ಪನ ಹೆಸರನ್ನೇ ಇಡಲು ಹೊರಟರೆ, ಎಲಿಜಬೇತಳು ಯೊವಾನ್ನ ಎಂದೇ ಆಗಬೇಕೆಂದಳು. ನಿಮ್ಮ ಬಂಧುಬಳಗದಲ್ಲಿ ಆ ಹೆಸರೇ ಇಲ್ಲವಲ್ಲ ಎಂದು ಅವರು ತಕರಾರು ತೆಗೆದರು. ಜಕರೀಯ ಹಲಗೆ ತರಿಸಿ, ಅವನ ಹೆಸರು ಯೊವಾನ್ನ ಎಂದು ಬರೆದ. ನಾಲಿಗೆ ಸಡಿಲವಾದದ್ದು ಆಗಲೇ. ಮನೆತನದ ರೂಢಿಯನ್ನು ಹೆಂಡತಿಯ ಮಾತಿಗಾಗಿ ಬಿಟ್ಟುಕೊಟ್ಟ ಮುದುಕನ ಬಾಯಿಂದ ಮೊದಲು ಹೊರಟದ್ದು ದೇವರ ಸ್ತುತಿ. ಅತ್ತೆಯಂದಿರಿಗೂ ಕೆಲವು ತಿಂಗಳು ನಾಲಿಗೆ ಕಟ್ಟಿದರೆ ಮನೆಗೆ ಒಳ್ಳೆಯದು ಎಂದು ನಾನು ನಮ್ಮ ವಾರ್ಡಿನ ಹೆಂಗಸರಿಗೆ ಹೇಳುವುದುಂಟು. ಕೆಲವರು ನಗುತ್ತಾರೆ.

ನಮ್ಮ ತಂದೆಯವರ ತಲೆಮಾರು ಇದಕ್ಕಿಂತ ದೊಡ್ಡ ಬದಲಾವಣೆಗಳನ್ನು ಹೊತ್ತಿತ್ತು. 1956ರ ನವೆಂಬರ್ 1ರಂದು ಮನೆ ಇದ್ದಲ್ಲೇ ಇತ್ತು, ಕಾಸರಗೋಡು ಕೇರಳಕ್ಕೆ ಸೇರಿ ಕಾಲ ಕೆಳಗಿನ ರಾಜ್ಯ ಬದಲಾಯಿತು. ಆಮೇಲೆ ಪೂಜೆಯ ಭಾಷೆ ಲ್ಯಾಟಿನ್ ಹೋಗಿ ಕೊಂಕಣಿಯಾಯಿತು. ಅದಕ್ಕೆ ದಾರಿ ಮಾಡಿದ ಎರಡನೆಯ ವ್ಯಾಟಿಕನ್ ಮಹಾಸಭೆಯನ್ನು ಕರೆದ 23ನೆಯ ಜಾನ್ ಪೋಪ್ ಆದಾಗ ಅವರಿಗೆ 77 ತುಂಬುವುದರಲ್ಲಿತ್ತು. ವಯಸ್ಸಾದವರು, ನಾಲ್ಕು ದಿನ ಸುಮ್ಮನೆ ಕುಳಿತಿರುತ್ತಾರೆ ಎಂದು ಅನೇಕರು ಎಣಿಸಿದ್ದರು. 1958ರ ಅಕ್ಟೋಬರ್‌ನಲ್ಲಿ ಆಯ್ಕೆಯಾದವರು 1959ರ ಜನವರಿಯಲ್ಲೇ ಮಹಾಸಭೆಯ ಮಾತೆತ್ತಿದರು.

ಈ ವರ್ಷ ನಾನೂ ಸೊಸೆಯೊಂದಿಗೆ ಎಟ್ಟು ನೋಂಬು ಹಿಡಿದೆ. ಇಗರ್ಜಿಯ ಕಾನೂನು 59 ತುಂಬಿದವರಿಗೆ ಉಪವಾಸದ ಕಡ್ಡಾಯವನ್ನೇ ತೆಗೆದಿದೆ, ನೋಂಬು ಅಂತೂ ನಮ್ಮ ಕಡೆಯ ವಾಡಿಕೆಯೇ ಅಲ್ಲ. ಮಗ ಬೇಡವೆಂದ. ಸೆಪ್ಟೆಂಬರ್ ಎಂದರೆ ಬಂಗುಡೆಯ ಕಾಲ. ಮೀನಿನವನ ಸ್ಕೂಟರು ಗೇಟಿನ ಮುಂದೆ ಹಾರ್ನ್ ಹಾಕಿ, ಕಾದು, ಹೋಗುತ್ತಿತ್ತು. ಈ ಪ್ರಾಯದಲ್ಲಿ ಹೊಸ ವ್ರತವೊಂದಕ್ಕೆ ಶಿಷ್ಯೆಯಾಗುವುದು ಎಷ್ಟು ಹಗುರವಾದ ಕೆಲಸ ಎಂದು ನಾನು ಎಣಿಸಿರಲಿಲ್ಲ. ಏನು ಬೇಯಿಸಬೇಕು, ಯಾವ ಪ್ರಾರ್ಥನೆ ಯಾವಾಗ, ಎಲ್ಲವನ್ನೂ ಹೇಳುವವಳು ಅವಳು. ಸಂಜೆ ಅವಳು ಮಲಯಾಳದಲ್ಲಿ ಜಪಮಾಲೆ ಆರಂಭಿಸುತ್ತಾಳೆ, ನಾನು ಕೊಂಕಣಿಯಲ್ಲಿ ಉತ್ತರಿಸುತ್ತೇನೆ. ಮರಿಯಮ್ಮನಿಗೆ ಎರಡೂ ಬರುತ್ತದೆ ಎಂದು ಮೊಮ್ಮಗಳ ತೀರ್ಪು.

ನಮ್ಮ ಗದ್ದೆ ನನ್ನ ಯಜಮಾನರ ಕಾಲದಲ್ಲೇ ಅಡಿಕೆ ತೋಟವಾಯಿತು. ಈಗ ಇಗರ್ಜಿಯಲ್ಲಿ ಆಶೀರ್ವದಿಸಿ ಮನೆಗೊಂದರಂತೆ ಕೊಡುವ ತೆನೆಯೇ ನಮ್ಮ ಬೆಳೆ. ಅದರ ಒಂದೊಂದೇ ಭತ್ತವನ್ನು ಉಗುರಿನಲ್ಲಿ ಸೀಳಿ, ಹಸಿರು ಬಣ್ಣ ಬಿಡದ ಅಕ್ಕಿಯನ್ನು ಮುರಿಯದಂತೆ ತೆಗೆದು, ಅರೆದು, ತೆಂಗಿನ ಹಾಲು ಬೆಲ್ಲಕ್ಕೆ ಸೇರಿಸಬೇಕು. ಕಣ್ಣಿಗೆ ಪೊರೆ ಬಂದ ಮೇಲೆ ಹೊಟ್ಟು ಯಾವುದು, ಅಕ್ಕಿ ಯಾವುದು ಎಂದು ನನಗೆ ಗೊತ್ತಾಗುವುದಿಲ್ಲ. ಸೊಸೆ ಭತ್ತವನ್ನು ಬಟ್ಟೆಯಲ್ಲಿ ಸುತ್ತಿ ಲಟ್ಟಣಿಗೆಯಲ್ಲಿ ಎರಡು ಸಲ ಉರುಳಿಸಿದಳು. ಎಲ್ಲ ಅಕ್ಕಿಯೂ ಇಡಿಯಾಗಿ ಬಂತು. ಇಷ್ಟು ವರ್ಷ ಈ ಬುದ್ಧಿ ನಮಗ್ಯಾರಿಗೂ ಹೊಳೆದಿರಲಿಲ್ಲ.

ನೊವೆಂ ಎನ್ನುವ ಈ ಹೊಸ ಅಕ್ಕಿಯ ಪ್ರಸಾದ ಹಂಚುವುದು ಮನೆಯ ಹಿರಿಯರ ಅಧಿಕಾರ. ಯಜಮಾನರು ಹೋದ ಮೇಲೆ ಅದು ನನ್ನ ಪಾಲಿಗೆ ಬಂದಿತ್ತು. ಈ ಸಲ ಪ್ರಾರ್ಥನೆ ಮುಗಿದಾಗ ಬಟ್ಟಲನ್ನು ಸೊಸೆಯ ಮುಂದಿಟ್ಟು, ನೀನೇ ಕೊಡು ಎಂದೆ. ಅವಳು ಮಗನ ಮುಖ ನೋಡಿದಳು, ಅವನು ನನ್ನ ಮುಖ ನೋಡಿದ. ನಾನು ಅಂಗೈ ಚಾಚಿದೆ. ಅವಳು ಮೊದಲ ಚಮಚ ನನಗೇ ಹಾಕಿದಳು. ಬೆಲ್ಲ ಸ್ವಲ್ಪ ಹೆಚ್ಚಾಗಿತ್ತು, ಹೇಳಲಿಲ್ಲ.

ಕೋಳಿ 9ನೆಯ ತಾರೀಕಿಗೆ ಎಂದು ಒಪ್ಪಂದವಾಯಿತು. ಅವಳ ತಾಯಿ ಬಸ್ಸಿನಲ್ಲಿ ಬೆಳಿಗ್ಗೆಯೇ ಬಂದು, ಮಸಾಲೆಯನ್ನೂ ತಾವೇ ಹುರಿದರು. ಊಟವಾದ ಮೇಲೆ 15ಕ್ಕೆ ಬರುವ ಶೋಕಮಾತೆಯ ಹಬ್ಬದ ಮಾತು ಬಂತು. ಅಂದಿನ ಅಡುಗೆ ಏನೇನು ಎಂದು ನಾನು ಪಟ್ಟಿ ಹೇಳಲು ಹೊರಟರೆ, "ಅಮ್ಮಚ್ಚಿ ಕುಳಿತುಕೊಳ್ಳಿ, ನಾನು ಹೇಳುತ್ತೇನೆ" ಎಂದಳು.