ಗಾಳಿ ತುಂಬುವ ಬೋಟ್‌ಗೆ ಲೈಸೆನ್ಸ್ ಬೇಕಾ?

ಹಾಸನದಲ್ಲಿ ಗಾಳ ಹಾಕುವ ಹುಚ್ಚು ಹತ್ತಿದವರು ಯಾರೇ ಸಿಕ್ಕಲಿ, ನನ್ನನ್ನು ಕೇಳುವುದು ಒಂದೇ ಪ್ರಶ್ನೆ. "ಆನ್‌ಲೈನ್‌ನಲ್ಲಿ ಇಬ್ಬರು ಕೂರೋ ಗಾಳಿ ಬೋಟ್ ನೋಡಿದ್ದೀನಿ ಸಾರ್. ಗೊರೂರು ಹಿನ್ನೀರಿಗೆ ಇಳಿಸಬೇಕು ಅಂತ ಆಸೆ. ಬೈಕಿಗೆ ಮಾಡಿಸಿದ ಹಾಗೆ ಇದಕ್ಕೂ ನಂಬರ್ ಮಾಡಿಸಬೇಕಾ?" ಚಿಕ್ಕಮಗಳೂರಿನ ಗೆಳೆಯರಾದರೆ ಗೊರೂರಿನ ಜಾಗದಲ್ಲಿ ಅಯ್ಯನಕೆರೆ ಅಂತಾರೆ, ಲಕ್ಕವಳ್ಳಿ ಅಂತಾರೆ. ಪ್ರಶ್ನೆ ಮಾತ್ರ ಅದೇ.

ನನ್ನ ಉತ್ತರವೂ ಪ್ರತಿ ಸಲ ಅದೇ. ಬೋಟಿನ ಕಾಗದದ ಬಗ್ಗೆ ಆಮೇಲೆ ಯೋಚಿಸೋಣ, ಮೊದಲು ಆ ನೀರು ಯಾರದ್ದು, ಅದರೊಳಗಿನ ಮೀನು ಯಾರದ್ದು ಅಂತ ತಿಳ್ಕೊಳ್ಳಿ. ಇದು ಕೇಳಿದವರಿಗೆ ಅಷ್ಟು ರುಚಿಸುವುದಿಲ್ಲ. ಹಾಗಾಗಿ ಬೋಟಿನ ವಿಷಯವನ್ನೇ ಮೊದಲು ಮುಗಿಸುತ್ತೇನೆ.

ಕೆರೆ, ನದಿ, ಜಲಾಶಯಗಳಲ್ಲಿ ಓಡುವ ದೋಣಿಗಳಿಗೆ ಈಗ ಇರುವುದು 2021ರ ಒಳನಾಡು ಹಡಗುಗಳ ಕಾಯ್ದೆ. ಅದಕ್ಕೂ ಮುಂಚೆ 1917ರ ಹಳೇ ಕಾಯ್ದೆ ಇತ್ತು. ಹೊಸ ಕಾಯ್ದೆ ದೋಣಿಗಳನ್ನು ಎರಡು ಗುಂಪು ಮಾಡುತ್ತದೆ: ಯಂತ್ರದಿಂದ ಓಡುವವು, ಯಂತ್ರ ಇಲ್ಲದವು. ಯಂತ್ರ ಕೂತ ತಕ್ಷಣ ಸರ್ವೆ, ನೋಂದಣಿ, ವಿಮೆ, ನಡೆಸುವವನ ಅರ್ಹತೆ ಎಲ್ಲವೂ ಬರುತ್ತವೆ. ನಮ್ಮ ರಾಜ್ಯದಲ್ಲಿ ಇದಕ್ಕೆ ಹೋಗಬೇಕಾದದ್ದು ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆ ಹಾಗೂ ಜಲಸಾರಿಗೆ ಮಂಡಳಿಯ ಕಡೆಗೆ. ಆರ್‌ಟಿಓಗೂ ಇದಕ್ಕೂ ಸಂಬಂಧ ಇಲ್ಲ. ಮಂಗಳೂರು, ಮಲ್ಪೆಯಲ್ಲಿ ಮೀನು ಬೋಟುಗಳ ಮೇಲೆ ದೊಡ್ಡದಾಗಿ ನಂಬರ್ ಬರೆದಿರುತ್ತಾರಲ್ಲ, ಅದು ಸಮುದ್ರದ ಮೀನುಗಾರಿಕೆಯ ಲೆಕ್ಕ. ಅದನ್ನು ಗೊರೂರಿಗೆ ತಂದು ಗೊಂದಲ ಮಾಡಿಕೊಳ್ಳಬೇಡಿ.

ಬರೀ ಹುಟ್ಟು ಹಾಕಿ ನಡೆಸುವ ಬೋಟಾದರೆ ಈ ಭಾರ ಇಲ್ಲ. ಯಂತ್ರವಿಲ್ಲದ ದೋಣಿಗಳಿಗೂ ಅದೇ ಕಾಯ್ದೆಯಲ್ಲಿ ಬೇರೆ ಅಧ್ಯಾಯ ಇದೆ. ಅಲ್ಲಿರುವುದು ಸ್ಥಳೀಯ ಸಂಸ್ಥೆಯ ಮಟ್ಟದಲ್ಲಿ ಹೆಸರು ದಾಖಲಿಸುವ ಹಗುರವಾದ ವ್ಯವಸ್ಥೆ. ಪಂಚಾಯ್ತಿಗೆ ಹೇಗೂ ಹೋಗಲೇಬೇಕು, ಮುಂದೆ ಹೇಳ್ತೀನಿ. ಅಲ್ಲೇ ಇದನ್ನೂ ಕೇಳಿಬಿಡಿ.

"ಪೆಟ್ರೋಲ್ ಅಲ್ಲ ಸಾರ್, ಬ್ಯಾಟರಿ ಮೋಟರ್ ಅಷ್ಟೇ, ಸದ್ದೂ ಬರಲ್ಲ" ಅನ್ನುವವರು ತುಂಬ ಜನ. 12 ವೋಲ್ಟಿನ ಆ ಪುಟ್ಟ ಮೋಟರ್ ನೋಡಿದರೆ ನನಗೂ ಇಷ್ಟವೇ. ಆದರೆ ಬ್ಯಾಟರಿಯದ್ದಾದರೂ ಅದು ಯಂತ್ರವೇ. ಬೋಟನ್ನು ತಳ್ಳುತ್ತಿರುವುದು ನಿಮ್ಮ ತೋಳಲ್ಲ, ಅಲ್ವಾ? ಮೋಟರ್ ಹಾಕಲೇಬೇಕು ಅಂತಿದ್ದರೆ ಬೋಟಿನ ಬಿಲ್ಲು, ಮೋಟರಿನ ಬಿಲ್ಲು ಎರಡೂ ನಿಮ್ಮ ಹೆಸರಿನಲ್ಲೇ ಇರಲಿ. ಸೆಕೆಂಡ್ ಹ್ಯಾಂಡ್ ಅಂತ ಸುಮ್ನೆ ಕೈ ಬದಲಾಯಿಸಿಕೊಂಡ ಮೋಟರಿಗೆ ಕಾಗದ ಮಾಡಿಸುವುದು ಬಹಳ ಕಷ್ಟ. ಮೊದಲನೇ ಬೋಟ್ ತಗೊಳ್ಳುವವರಿಗೆ ನಾನು ಹೇಳುವುದು ಹುಟ್ಟೇ ಸಾಕು ಅಂತ. ಹಿನ್ನೀರಿನ ಒಂದು ಮೂಲೆಯಲ್ಲಿ ಕೂತು ಗಾಳ ಹಾಕೋದಕ್ಕೆ ಮೋಟರ್ ಯಾಕೆ?

ಇನ್ನು ನೀರಿನ ಮಾತು.

"ನೀರು ಎಲ್ಲರದ್ದಲ್ವಾ?" ಅಂತ ಕೇಳುತ್ತಾರೆ. ಕುಡಿಯೋದಕ್ಕೆ, ದನಕ್ಕೆ ಕುಡಿಸೋದಕ್ಕೆ ಎಲ್ಲರದ್ದೇ. ಬೋಟ್ ಇಳಿಸೋದಕ್ಕೆ ಹಾಗಲ್ಲ. ಗೊರೂರಿನ ಹೇಮಾವತಿ, ಬೇಲೂರಿನ ಯಗಚಿ ಎರಡೂ ಕಾವೇರಿ ನೀರಾವರಿ ನಿಗಮದ ಕೈಯಲ್ಲಿವೆ. ಲಕ್ಕವಳ್ಳಿಯ ಭದ್ರಾ ಇರುವುದು ಕರ್ನಾಟಕ ನೀರಾವರಿ ನಿಗಮದ ಕೈಯಲ್ಲಿ. ಅಣೆಕಟ್ಟೆಯ ಹತ್ತಿರ, ಗೇಟುಗಳ ಎದುರು, ಕಾಲುವೆಯ ತೂಬಿನ ಬಳಿ ಬೋಟ್ ಬಿಡುವ ಮಾತೇ ಇಲ್ಲ. ಅದು ಭದ್ರತೆಯ ಜಾಗ, ಜೊತೆಗೆ ನೀರಿನ ಸೆಳೆತ ಮೇಲಿನಿಂದ ಕಾಣುವುದಿಲ್ಲ. ದೂರದ ಹಿನ್ನೀರಿಗಾದರೂ ನಿಗಮದ ಸ್ಥಳೀಯ ಎಂಜಿನಿಯರ್ ಕಚೇರಿಗೆ ಒಂದು ಅರ್ಜಿ ಕೊಡಿ. ಊರ ಕೆರೆಯಾದರೆ ಗ್ರಾಮ ಪಂಚಾಯ್ತಿ. ಚಿಕ್ಕಮಗಳೂರಿನ ಹಿರೇಕೊಳಲೆ ಕೆರೆ ಕುಡಿಯುವ ನೀರಿನದ್ದು, ಅದನ್ನು ಬಿಟ್ಟುಬಿಡಿ.

ಭದ್ರಾ ಹಿನ್ನೀರಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಅಲ್ಲಿ ದಡದ ಕಾಡು ಭದ್ರಾ ಹುಲಿ ಸಂರಕ್ಷಿತ ಪ್ರದೇಶ, 1998ರಿಂದ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಭಯಾರಣ್ಯದ ಒಳಗೆ ಹೋಗೋದಕ್ಕೇ ಅನುಮತಿ ಬೇಕು. ಆ ಕಾಯ್ದೆಯ ಲೆಕ್ಕದಲ್ಲಿ ಮೀನು ಕೂಡ ಪ್ರಾಣಿಯೇ. "ಹಿಡಿದು ವಾಪಸ್ ಬಿಟ್ಟುಬಿಡ್ತೀವಿ" ಅನ್ನುವ ಮಾತು ನಡೆಯುವುದಿಲ್ಲ. ಹಿಡಿದು ಬಿಡುವ ಪದ್ಧತಿಗೇ ಹೆಸರಾಗಿದ್ದ ಕಾವೇರಿ ವನ್ಯಧಾಮದ ಗಾಳದ ಶಿಬಿರಗಳೇ ನಿಂತುಹೋದವು. ಇನ್ನೊಂದು ವಿಷಯ. ಬೇಸಿಗೆಯಲ್ಲಿ ಭದ್ರಾ ನೀರು ಇಳಿದಾಗ ನಡುವೆ ನಡುಗಡ್ಡೆಗಳು ಎದ್ದು ಕಾಣುತ್ತವೆ. ರಿವರ್ ಟರ್ನ್ ಹಕ್ಕಿಗಳು ಬರೀ ನೆಲದ ಮೇಲೆ, ಕಲ್ಲುಗಳ ನಡುವೆ ಮೊಟ್ಟೆ ಇಡುತ್ತವೆ. ಬೋಟ್ ಹತ್ತಿರ ಹೋದರೆ ಹಕ್ಕಿಗಳೆಲ್ಲ ಒಟ್ಟಿಗೆ ಮೇಲೇಳುತ್ತವೆ, ಮೊಟ್ಟೆ ಬಿಸಿಲಿಗೆ ಬೀಳುತ್ತದೆ. ನಿಮ್ಮ ಜೇಬಿನಲ್ಲಿ ಯಾವ ಕಾಗದ ಇದ್ದರೂ ಆ ನಡುಗಡ್ಡೆಗಳ ಹತ್ತಿರ ಹೋಗಬೇಡಿ. ಕೈ ಮುಗಿದು ಕೇಳ್ಕೊಳ್ತೀನಿ.

ಶೃಂಗೇರಿಯ ತುಂಗೆಯಲ್ಲಿ ಮಠದ ಎದುರಿನ ಮೀನು ದೇವರ ಮೀನು. ಅಲ್ಲಿ ಗಾಳದ ಯೋಚನೆಯನ್ನು ಯಾರೂ ಮಾಡುವುದಿಲ್ಲ ಅಂದುಕೊಂಡಿದ್ದೇನೆ.

ಮೀನು ಯಾರದ್ದು ಅನ್ನುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ. ಕೆರೆಯ ಕಾಟ್ಲಾ, ರೋಹು ಆಕಾಶದಿಂದ ಬಿದ್ದದ್ದಲ್ಲ. ಯಾರೋ ಮರಿ ತಂದು ಬಿಟ್ಟಿದ್ದಾರೆ. ಮೀನುಗಾರರ ಸೊಸೈಟಿಯವರೋ ಗುತ್ತಿಗೆ ಹಿಡಿದವರೋ ದುಡ್ಡು ಕಟ್ಟಿದ್ದಾರೆ, ರಾತ್ರಿ ಕಾವಲು ಕಾದಿದ್ದಾರೆ. ನೀವು ಗಾಳಕ್ಕೆ ಎಳೆದ ನಾಲ್ಕು ಕೆಜಿ ಕಾಟ್ಲಾ ಅವರ ದುಡಿಮೆ. ಜಲಾಶಯಗಳಲ್ಲಿ ತೆಪ್ಪ ಇಟ್ಟುಕೊಂಡು ಬಲೆ ಬಿಡುವ ಬೆಸ್ತರು ಕೂಡ ಮೀನುಗಾರಿಕೆ ಇಲಾಖೆಯಿಂದ ಪರವಾನಗಿ ಮಾಡಿಸಿಕೊಂಡೇ ಇಳಿಯುತ್ತಾರೆ. ಹೊಟ್ಟೆಪಾಡಿಗೆ ಹಿಡಿಯುವವರು ಲೈಸೆನ್ಸ್ ಮಾಡಿಸುವಾಗ, ಖುಷಿಗೆ ಹಿಡಿಯುವ ನಾವು ಕೇಳದೇ ಇಳಿಯುವುದು ಸರಿಯಾ? ಇದಕ್ಕೆಂದೇ ಕರ್ನಾಟಕ ಒಳನಾಡು ಮೀನುಗಾರಿಕೆ ಕಾಯ್ದೆ, 1996 ಇದೆ. ಹಕ್ಕಿಲ್ಲದ ನೀರಿನಲ್ಲಿ ಮೀನು ಹಿಡಿಯುವುದು ತಪ್ಪು. ಗಾಳದಲ್ಲಿ ಹಿಡಿದರೂ ತಪ್ಪೇ.

ಇದಕ್ಕೆ ಹೋಗಬೇಕಾದದ್ದು ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಗೆ. ಯಾವ ಕೆರೆ ಯಾರ ಗುತ್ತಿಗೆಯಲ್ಲಿದೆ ಅನ್ನುವುದು ಅಲ್ಲಿ ಗೊತ್ತಿರುತ್ತದೆ. ಸಣ್ಣ ಕೆರೆಯಾದರೆ ಪಂಚಾಯ್ತಿಯಲ್ಲಿ ಗೊತ್ತಾಗುತ್ತದೆ. ಗುತ್ತಿಗೆಯ ವರ್ಷ ಫಸಲಿ ಲೆಕ್ಕ, ಜುಲೈಯಿಂದ ಜೂನ್‌ವರೆಗೆ. ಹಾಗಾಗಿ ಮೇ ತಿಂಗಳಲ್ಲಿ "ಹಾಕ್ಕೊಳ್ಳಿ ಬಿಡಿ" ಅಂದವರು ಆಗಸ್ಟ್‌ನಲ್ಲಿ ಆ ಕೆರೆಗೆ ಸಂಬಂಧವೇ ಇಲ್ಲದವರಾಗಿರಬಹುದು. ಪ್ರತಿ ವರ್ಷ ಹೊಸದಾಗಿ ಕೇಳಿ.

ಕೇಳಿದರೆ ಬೈಯುತ್ತಾರೆ ಅನ್ನುವ ಭಯ ಬೇಡ. ಗೊರೂರು ಹಿನ್ನೀರಿನಲ್ಲಿ ಒಬ್ಬ ಹಿರಿಯರು ತೆಪ್ಪ ತಿರುಗಿಸಿಕೊಂಡು ನನ್ನ ಬೋಟಿನ ಪಕ್ಕಕ್ಕೇ ಬಂದು ಹೇಳಿದ ಮಾತು ಇಷ್ಟೇ: "ಗಾಳ ಹಾಕ್ಕಳಿ ಸಾ, ಬ್ಯಾಡ ಅನ್ನಕ್ಕಿಲ್ಲ. ಬೆಂಡು ಕಂಡ ಕಡೀಕೆ ಮಾತ್ರ ಬರಬ್ಯಾಡಿ." ಬೆಂಡು ಅಂದರೆ ಬಲೆಯ ಮೇಲಂಚಿಗೆ ಕಟ್ಟಿದ ಥರ್ಮಾಕೋಲ್ ಚೂರು, ಖಾಲಿ ನೀರಿನ ಬಾಟಲಿ. ಅದು ನೀರಿನ ಮೇಲೆ ಸಾಲಾಗಿ ತೇಲುತ್ತಿರುತ್ತದೆ. ನಿಮ್ಮ ಮೂರು ಮುಳ್ಳಿನ ಗಾಳ ಆ ಬಲೆಗೆ ಸಿಕ್ಕಿ ನೀವು ಜಗ್ಗಿದರೆ ನೂಲು ಹರಿಯುತ್ತದೆ. ಅದನ್ನು ಹೆಣೆದು ಸರಿ ಮಾಡೋದಕ್ಕೆ ಅವರ ಮನೆಯವರು ಒಂದು ಮಧ್ಯಾಹ್ನವೆಲ್ಲ ಕೂರಬೇಕು. ಬೆಂಡು ಕಂಡರೆ ಇನ್ನೊಂದು ಕೊಲ್ಲಿಗೆ ಹೋಗಿ. ಹಿನ್ನೀರು ದೊಡ್ಡದಿದೆ.

ಅರ್ಜಿ ಹೇಗೆ ಬರೆಯೋದು? ಒಂದೇ ಪುಟ ಸಾಕು. ಹೆಸರು, ವಿಳಾಸ, ಫೋನ್. ಬೋಟಿನ ಉದ್ದ, ಎಷ್ಟು ಜನ ಕೂರಬಹುದು, ಎಷ್ಟು ತೂಕ ಹೊರುತ್ತದೆ. ಇದೆಲ್ಲ ಬೋಟಿನ ಮೇಲೇ ಅಚ್ಚಾಗಿರುತ್ತದೆ, ಅದರ ಫೋಟೋ ಅಂಟಿಸಿ. "ಮೋಟರ್ ಇಲ್ಲ, ಹುಟ್ಟು ಮಾತ್ರ" ಅಂತ ಸ್ಪಷ್ಟವಾಗಿ ಬರೆಯಿರಿ. ಯಾವ ಊರಿನ ಬಳಿ ಇಳಿಸುತ್ತೀರಿ, ಬೆಳಗ್ಗೆ ಎಷ್ಟರಿಂದ ಎಷ್ಟರವರೆಗೆ, ಎಲ್ಲರಿಗೂ ಲೈಫ್ ಜಾಕೆಟ್ ಇದೆ, ಯಾರಿಂದಲೂ ದುಡ್ಡು ತಗೊಂಡು ಸುತ್ತಿಸುವುದಿಲ್ಲ, ಈ ನಾಲ್ಕು ಮಾತು ಇರಲೇಬೇಕು. ದುಡ್ಡು ತಗೊಂಡರೆ ಅದು ವ್ಯಾಪಾರ, ಅದರ ದಾರಿಯೇ ಬೇರೆ. ಎರಡು ಪ್ರತಿ ಒಯ್ದು ಒಂದರ ಮೇಲೆ ಸೀಲು ಹಾಕಿಸಿಕೊಳ್ಳಿ. ಆ ಸೀಲು ಅರ್ಜಿ ಕೊಟ್ಟದ್ದಕ್ಕೆ ಗುರುತು ಅಷ್ಟೇ, ಅದನ್ನೇ ಅನುಮತಿ ಅಂದುಕೊಂಡು ಇಳಿಯಬೇಡಿ. ಉತ್ತರ ಬರುವವರೆಗೆ ಕಾಯಿರಿ. ಬಂದ ಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬೋಟಿನಲ್ಲೇ ಇಟ್ಟುಕೊಳ್ಳಿ.

ಬೋಟ್ ತಗೊಳ್ಳುವಾಗ ಒಂದು ಎಚ್ಚರ. ಕಡಿಮೆ ಬೆಲೆಗೆ ಸಿಗುವ ಎಷ್ಟೋ ಬೋಟುಗಳು ಈಜುಕೊಳದ ಆಟಿಕೆಗಳು. ಡಬ್ಬಿಯ ಮೇಲೆ ಮೀನು ಹಿಡಿಯುವವನ ಚಿತ್ರ ಇದ್ದರೂ ಅಷ್ಟೇ. ಗಾಳಿ ತುಂಬುವ ಕೋಣೆಗಳು ಬೇರೆ ಬೇರೆಯಾಗಿ ಎರಡು ಮೂರಾದರೂ ಇರಬೇಕು. ಒಂದು ತೂತಾದರೆ ಇನ್ನೊಂದು ತೇಲಿಸುತ್ತದೆ. ನಮ್ಮ ಹಿನ್ನೀರುಗಳಲ್ಲಿ ಇದು ಸುಮ್ನೆ ಹೇಳುವ ಮಾತಲ್ಲ. ಗೊರೂರಿನ ಹಿನ್ನೀರು ಮುಂಚೆ ಊರು, ತೋಟ, ಹೊಲ ಇದ್ದ ಜಾಗ. ನೀರು ಇಳಿದಾಗ ಶೆಟ್ಟಿಹಳ್ಳಿಯ ಚರ್ಚಿನ ಹಾಗೇ ಹಳೇ ಮರಗಳ ಬೊಡ್ಡೆಗಳೂ ಮೇಲೆ ಬರುತ್ತವೆ. ಆಗ ಕಾಣುತ್ತವೆ, ಸುತ್ತಿ ಹೋಗಬಹುದು. ಅಣೆಕಟ್ಟೆ ತನ್ನ ಪೂರ್ತಿ ಮಟ್ಟವಾದ 2922 ಅಡಿಯ (ಸಮುದ್ರ ಮಟ್ಟದಿಂದ ಲೆಕ್ಕ) ಹತ್ತಿರ ತುಂಬಿದಾಗ ಅವು ಆಳಕ್ಕೆ ಹೋಗುತ್ತವೆ, ಆಗಲೂ ತೊಂದರೆ ಇಲ್ಲ. ಕಷ್ಟ ಇರುವುದು ನಡುವಿನ ತಿಂಗಳುಗಳಲ್ಲಿ. ಬೊಡ್ಡೆಯ ತುದಿ ನೀರಿಗಿಂತ ಒಂದು ಗೇಣು ಕೆಳಗಿರುತ್ತದೆ, ಕೊಳೆತು ಚೂಪಾಗಿರುತ್ತದೆ, ನೀರಿನ ಬಣ್ಣವೂ ಅದರ ಬಣ್ಣವೂ ಒಂದೇ. ಹುಟ್ಟಿನ ತುದಿಯಿಂದ ಮುಂದೆ ತಡವಿ ನೋಡಿಕೊಂಡು ನಿಧಾನವಾಗಿ ಹೋಗುವುದೊಂದೇ ದಾರಿ.

ಯಾವ ಕಾಲಕ್ಕೆ ಅನುಮತಿ ಕೇಳಲಿ ಅಂತಲೂ ಕೇಳುತ್ತಾರೆ. ಮುಂಗಾರು ಹಿಡಿದಾಗ ಬೇಡ. ಹೊಸ ನೀರಿಗೆ ಹತ್ತುಮೀನು ಮೊಟ್ಟೆ ಹೊತ್ತು ಹಳ್ಳಗಳ ಕಡೆ ಏರುವ ಸಮಯ ಅದು, ಅವನ್ನು ಬಿಡಬೇಕು. ಜೊತೆಗೆ ಆಷಾಢದ ಗಾಳಿ. ಗಾಳಿ ಬೋಟಿಗೆ ತಳ ಚಪ್ಪಟೆ, ತೂಕ ಇಲ್ಲ. ಒಂದು ಬೀಸಿಗೆ ನಡುನೀರಿಗೆ ಹೋಗುತ್ತದೆ, ಎಷ್ಟು ಹುಟ್ಟು ಹಾಕಿದರೂ ದಡ ದೂರವಾಗುತ್ತಲೇ ಇರುತ್ತದೆ. ನವೆಂಬರ್‌ನಿಂದ ಫೆಬ್ರವರಿ ನಮಗೆ ಒಳ್ಳೆಯ ಕಾಲ. ಅರ್ಜಿಯನ್ನು ಸೆಪ್ಟೆಂಬರ್‌ನಲ್ಲೇ ಕೊಡಿ. ಅಷ್ಟು ಹೊತ್ತಿಗೆ ಹೊಸ ಫಸಲಿಯ ಗುತ್ತಿಗೆ ಯಾರಿಗೆ ಹೋಯಿತು ಅನ್ನುವುದೂ ಗೊತ್ತಾಗಿರುತ್ತದೆ.