ಮಳೆಗೆ ಅಂಜುವ ರೋಸ್‌ಮೇರಿ

ಧಾರವಾಡ, 18 ಆಗಸ್ಟ್ 2024, ಭಾನುವಾರ

ಶ್ರಾವಣದ ಜಿಟಿಜಿಟಿ ಮಳೆ ಮಧ್ಯಾಹ್ನ ತುಸು ಬಿಡುವು ಕೊಟ್ಟಾಗ ಅಡುಗೆಗೆ ಬಳಸುವ ಪರಿಮಳದ ಎಲೆಯ ಗಿಡವಾದ ರೋಸ್‌ಮೇರಿಯ ಕುಂಡಗಳನ್ನು ಹಿತ್ತಲಿನಿಂದ ತಗಡಿನ ಮಾಡಿನ ಕೆಳಗೆ ಸಾಗಿಸಿದೆ. ಈ ಗಿಡ ನಮ್ಮ ಬಿಸಿಲನ್ನು ತಾಳಲಾರದು ಎಂದು ಹಲವರು ಹೇಳುವುದುಂಟು; ಆದರೆ ಇಲ್ಲಿ ಅದರ ಜೀವ ತೆಗೆಯುವುದು ಏಪ್ರಿಲ್‌ನ ಬಿಸಿಲಿಗಿಂತ ಹೆಚ್ಚಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ. ಅದರ ತವರಾದ ಮೆಡಿಟರೇನಿಯನ್ ಸಮುದ್ರದ ದಂಡೆಯಲ್ಲಿ ಮಳೆಯಾಗುವುದು ಚಳಿಗಾಲದಲ್ಲಿ, ಬೇಸಿಗೆಯೆಲ್ಲ ಒಣ. ಸೂಜಿಯಂತಹ ಎಲೆಯೊಂದನ್ನು ಮಗುಚಿ ನೋಡಿದರೆ ಅಂಚುಗಳು ಒಳಕ್ಕೆ ಸುರುಳಿಗೊಂಡಿರುವುದೂ ಕೆಳಮೈಗೆ ಬಿಳಿಯ ನವಿರು ಹತ್ತಿರುವುದೂ ಕಾಣುತ್ತದೆ. ನೀರು ಆರಿಹೋಗದಂತೆ ಗಿಡ ಮಾಡಿಕೊಂಡ ಏರ್ಪಾಡು ಅದು.

ಆದ್ದರಿಂದ ನವಲಗುಂದದ ಕಡೆಯ ಎರೆ ಮಣ್ಣು ಇದಕ್ಕೆ ಸಲ್ಲದು. ಹತ್ತಿಗೆ, ಕಡಲೆಗೆ ವರವಾದ ಆ ಮಣ್ಣಿನ ನೀರು ಹಿಡಿಯುವ ಗುಣವೇ ಇದರ ಬೇರನ್ನು ಕೊಳೆಸುತ್ತದೆ. ನಾನು ಅರ್ಧ ಕೆಂಪು ಮಣ್ಣಿಗೆ ಉಳಿದರ್ಧ ಉಸುಕು, ಗರಸು ಬೆರೆಸಿ, ಗೊಬ್ಬರವನ್ನು ಹಿಡಿಯಷ್ಟೇ ಹಾಕುತ್ತೇನೆ. ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು.

ಸಂಜೆ ಅಡುಗೆಗೆಂದು ಒಂದು ರೆಂಬೆ ಚಿವುಟಿದೆ. ಕೊತ್ತಂಬರಿಯನ್ನು ಒಲೆಯಿಂದ ಇಳಿಸುವಾಗ ಉದುರಿಸುವುದು ನಮ್ಮ ರೂಢಿ. ರೋಸ್‌ಮೇರಿಯನ್ನು ಮಾತ್ರ ಮೊದಲೇ ಎಣ್ಣೆಗೆ ಬಿಡಬೇಕು, ಏಕೆಂದರೆ ಅದರ ಗಡುಸಾದ ಎಲೆ ಕಾವಿಗೆ ಬೇಗ ಸೋಲುವುದಿಲ್ಲ, ಪರಿಮಳವೂ ಎಣ್ಣೆಯಲ್ಲಿಯೇ ಚೆನ್ನಾಗಿ ಬಿಡುತ್ತದೆ. ಇಟಲಿಯವರು ಫೊಕಾಚಾ ಎಂಬ ದಪ್ಪ ರೊಟ್ಟಿಯ ಮೇಲೆ ಆಲಿವ್ ಎಣ್ಣೆ, ಹರಳುಪ್ಪಿನ ಜೊತೆ ಇದನ್ನು ಹಾಕಿ ಬೇಯಿಸುತ್ತಾರೆ. ನಾನು ಶೇಂಗಾ ಎಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿಯ ಜೊತೆ ಸಣ್ಣಗೆ ಹೆಚ್ಚಿದ ಎಲೆ ಹಾಕಿ, ಸಿಪ್ಪೆಸಹಿತ ಬೇಯಿಸಿ ಹೋಳು ಮಾಡಿದ ಬಟಾಟೆಯನ್ನು ಕೆಂಪಗೆ ಹುರಿದೆ. ಕೈ ಸಡಿಲಾದರೆ ಕೆಟ್ಟಿತು: ಎಲೆಯಲ್ಲಿ ಕರ್ಪೂರದ ಅಂಶವೂ ನೀಲಗಿರಿ ಎಣ್ಣೆಯಲ್ಲಿರುವ ಸಿನಿಯೋಲ್ ಕೂಡ ಇರುವುದರಿಂದ, “ತಲಿನೋವಿನ ಮುಲಾಮ ಹಾಕೀಯೇನ?” ಎಂದು ಅವ್ವ ಕೇಳುವುದು ಅನ್ಯಾಯವೇನಲ್ಲ. ಕಡಲೆಹಿಟ್ಟಿನ ಜುಣಕಕ್ಕಂತೂ ಇದು ಒಗ್ಗುವುದೇ ಇಲ್ಲ.

ಅಡುಗೆಗೆ ಆಗಾಗ ತುದಿ ಚಿವುಟಿದರೆ ಗಿಡವೂ ಪೊದೆಯಾಗಿ ಕವಲೊಡೆಯುತ್ತದೆ. ಆದರೆ ಎಲೆಯುದುರಿ ಬೋಳಾದ ಹಳೆಯ ಕಾಂಡದವರೆಗೆ ಕತ್ತರಿಸಬಾರದು. ಅಲ್ಲಿಂದ ಮತ್ತೆ ಚಿಗುರುವುದು ಅಪರೂಪ. ಬೀಜದಿಂದ ಎಬ್ಬಿಸುವುದು ಬಹಳ ನಿಧಾನದ ಕೆಲಸವಾದ್ದರಿಂದ, ಮಳೆಗಾಲ ಮುಗಿದ ಮೇಲೆ ನಾಲ್ಕು ಇಂಚಿನ ಎಳೆಯ ತುದಿಗಳನ್ನು ತೆಗೆದು, ಕೆಳಗಿನ ಎಲೆ ಸವರಿ, ಉಸುಕಿನಲ್ಲಿ ಊರಬೇಕೆಂದಿದ್ದೇನೆ.