ತುಂಬಿದ ಜಲಪಾತದ ಮುಂದೆ ಎರಡು ಸೆಕೆಂಡಿನ ತಪ್ಪು

ಸಿಡ್ನಿಯಲ್ಲಿ ಛಾಯಾಗ್ರಹಣವನ್ನೇ ವೃತ್ತಿ ಮಾಡಿಕೊಂಡ ಹೊಸತರಲ್ಲಿ, ಪ್ರವಾಸ ಸಂಸ್ಥೆಯೊಂದು ತನ್ನ ಕಿರುಹೊತ್ತಿಗೆಗಾಗಿ ಬ್ಲೂ ಮೌಂಟನ್ಸ್ ಬೆಟ್ಟಸಾಲಿನ ತುಂಬಿ ಹರಿಯುವ ಜಲಪಾತದ ಚಿತ್ರಗಳನ್ನು ಕೇಳಿತ್ತು. ಮೂರು ದಿನ ಬಿಡದೆ ಸುರಿದ ಮಳೆ ನಿಂತ ಮರುದಿನವೇ, ನೀರು ಇಳಿದುಬಿಟ್ಟೀತೆಂಬ ಆತುರದಲ್ಲಿ, ನಗರದಿಂದ ಪಶ್ಚಿಮಕ್ಕೆ ಸುಮಾರು 100 ಕಿಲೋಮೀಟರ್ ದೂರದ ವೆಂಟ್‌ವರ್ತ್ ಫಾಲ್ಸ್‌ಗೆ ಬೆಳಗಾಗುವ ಹೊತ್ತಿಗೆ ಹೋಗಿ ನಿಂತೆ.

ಕಣಿವೆಗೆ ಇಳಿಯುವ ಬುಷ್‌ವಾಕ್ (ಕಾಡುನಡಿಗೆ) ದಾರಿಗಳನ್ನು ರಾಷ್ಟ್ರೀಯ ಉದ್ಯಾನದವರು ಮುಚ್ಚಿದ್ದರು. ಅದರ ಬಗ್ಗೆ ಗೊಣಗುವಂತಿರಲಿಲ್ಲ. ಅಲ್ಲಿನ ಮರಳುಗಲ್ಲಿನ ನಡುವೆ ಮೆತ್ತನೆಯ ಜೇಡಿಪದರಗಳಿದ್ದು, ನೀರು ಕುಡಿದ ಬಂಡೆ ಯಾವಾಗ ಕಳಚೀತೆಂದು ಹೇಳಲಾಗದು. 2022ರ ಏಪ್ರಿಲ್‌ನಲ್ಲಿ ಅದೇ ಕಣಿವೆಯ ವೆಂಟ್‌ವರ್ತ್ ಪಾಸ್ ದಾರಿಯಲ್ಲಿ ಬಂಡೆ ಕುಸಿದು ತಂದೆ ಮತ್ತು ಮಗ ತೀರಿಕೊಂಡರು. ನಾನು ಹೋದ ದಿನ ತೆರೆದಿದ್ದುದು, ದೊಡ್ಡ ಧುಮುಕಿಗೆ ತುಸು ಮೊದಲು ಜೇಮಿಸನ್ ತೊರೆ ಹಾಸುಬಂಡೆಯ ಅಂಚಿನಿಂದ ಇಳಿಯುವ ವೀಪಿಂಗ್ ರಾಕ್‌ನವರೆಗಿನ ಚಿಕ್ಕ ದಾರಿ ಮಾತ್ರ.

ಅಲ್ಲಿ ನಾನು ಅಭ್ಯಾಸಬಲದಿಂದ, ಕ್ಯಾಮೆರಾದೊಳಗೆ ಬೆಳಕು ಬಿಡುವ ಶಟರನ್ನು ಎರಡು ಸೆಕೆಂಡಿಗೆ ಇಟ್ಟೆ. ಬೇರೆ ದಿನಗಳಲ್ಲಿ ನೀರು ಎಳೆ ಎಳೆಯಾಗಿ ಜಿನುಗುವಾಗ ಅಷ್ಟು ಹೊತ್ತು ತೆರೆದಿಟ್ಟರೆ ಅದು ರೇಷ್ಮೆಯಂತೆ ಕಾಣುತ್ತದೆ. ಆದರೆ ಪ್ರವಾಹದಲ್ಲಿ ಎಳೆಗಳ ನಡುವೆ ಕಪ್ಪು ಕಲ್ಲಿನ ತೆರಪೇ ಉಳಿದಿರುವುದಿಲ್ಲವಾದ್ದರಿಂದ, ಎರಡು ಸೆಕೆಂಡಿನಲ್ಲಿ ಎಲ್ಲವೂ ಬೆರೆತು, ಒಣಹಾಕಿದ ಬಿಳಿ ಪಂಚೆಯಂತೆ ಆಗಿಬಿಟ್ಟಿತ್ತು. ಬೀಳುವ ನೀರೇ ಎಬ್ಬಿಸಿದ ಗಾಳಿಗೆ ಪಕ್ಕದ ಜರೀಗಿಡದ ಎಲೆಗಳೂ ಕಲಸಿಹೋಗಿದ್ದವು. ಸಂಸ್ಥೆಯವರು, ಇದರಲ್ಲಿ ನೀರು ಎಲ್ಲಿದೆ ಎಂದು ಕೇಳಿ ಅಷ್ಟನ್ನೂ ಹಿಂತಿರುಗಿಸಿದರು. ಸಾಗರದ ಕಡೆಯವನಾದ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಜೋಗದಲ್ಲಿಯೂ ರಾಜಾ, ರಾಣಿ, ರೋರರ್, ರಾಕೆಟ್‌ಗಳನ್ನು ಬಿಡಿಬಿಡಿಯಾಗಿ ಗುರುತಿಸಲಾಗುವುದು ನೀರು ಹದದಲ್ಲಿರುವಾಗಲೇ.

ಎರಡು ದಿನ ಬಿಟ್ಟು ಮತ್ತೆ ಹೋದೆ. ನೀರು ಇಳಿದು ಬಂಡೆಯ ಮೆಟ್ಟಿಲುಗಳು ತಲೆಯೆತ್ತಿದ್ದವು. ಕೊಳೆತ ಎಲೆಗಳ ಒಗರು ಕರಗಿ, ಕೆಳಗಿನ ಮಡುವಿನ ನೀರು ತೆಳು ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು. ಈ ಬಾರಿ ಶಟರನ್ನು ಸೆಕೆಂಡಿನ 1/8ರಿಂದ 1/15 ಭಾಗದೊಳಗೆ ಇಟ್ಟುಕೊಂಡು, ಬಿಳಿ ನೊರೆ ವಿವರವಿಲ್ಲದ ಬರಿ ಬಿಳಿಯಾಗಿ ಸುಟ್ಟುಹೋಗದಂತೆ ಎಕ್ಸ್‌ಪೋಶರನ್ನು ಒಂದು ಸ್ಟಾಪ್, ಎಂದರೆ ಬೆಳಕಿನ ಪ್ರಮಾಣವನ್ನು ಅರ್ಧಕ್ಕೆ, ಇಳಿಸಿದೆ. ಪೋಲರೈಸರ್ ಫಿಲ್ಟರನ್ನು ಪೂರ್ತಿ ತಿರುಗಿಸಲಿಲ್ಲ. ಒದ್ದೆ ನೀಲಗಿರಿ ಎಲೆಗಳ ಬಿಳಿ ಹೊಳಪನ್ನು ಅದು ತೆಗೆದು ಹಸಿರನ್ನು ಮರಳಿಸುವುದು ನಿಜವಾದರೂ, ಕೊನೆಯ ತನಕ ತಿರುಗಿಸಿದರೆ ಒದ್ದೆ ಬಂಡೆ ಒಣಬಂಡೆಯಂತೆ ಕಳೆಗುಂದುತ್ತದೆ ಎಂಬುದು ನನ್ನ ಅನಿಸಿಕೆ.

ತುಂತುರಿನ ಕಾಟ ಮಾತ್ರ ಅಂದೂ ಇತ್ತು. ಲೆನ್ಸಿನ ಮೇಲೆ ಕೂತ ಒಂದು ಹನಿ ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಕಾಣದೆ, ಮನೆಯಲ್ಲಿ ದೊಡ್ಡದು ಮಾಡಿ ನೋಡಿದಾಗ ಮಸುಕು ವೃತ್ತವಾಗಿ ಎದ್ದುಬರುತ್ತದೆ. ಆದ್ದರಿಂದ ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ಸಿದ್ಧಪಡಿಸಿ, ಲೆನ್ಸಿನ ಮುಂದೆ ಬಟ್ಟೆಯನ್ನು ಹಿಡಿದುಕೊಂಡೇ ಕಾಯುತ್ತಿದ್ದೆ. ಗಾಳಿ ತಿರುಗಿದ ಕ್ಷಣ ಬಟ್ಟೆ ಸರಿಸಿ, ಎರಡು ಚಿತ್ರ ತೆಗೆದು, ಮತ್ತೆ ಮುಚ್ಚಿ ಒರೆಸುತ್ತಿದ್ದೆ. ಮೊದಲ ಬಟ್ಟೆ ಅರ್ಧ ಗಂಟೆಯಲ್ಲಿ ತೊಯ್ದು ಹೋದಾಗ, ಅಂಗಿಯ ಒಳಜೇಬಿನಲ್ಲಿ ಒಣಗಿದ್ದ ಎರಡನೆಯದು ಕೈಹಿಡಿಯಿತು. ಕಿರುಹೊತ್ತಿಗೆಯಲ್ಲಿ ಅಚ್ಚಾದ ಚಿತ್ರ ಆ ಎರಡನೆಯ ಬಟ್ಟೆಯ ಸರದಿಯಲ್ಲಿ ತೆಗೆದದ್ದು.